ಒಂದೇ ಕಣ್ಣು ಕೆಂಪು

ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮ ಪಿರಿಯಾಪಟ್ಟಣದ ಕಡೆ ಕಣ್ಣು ಬೆಳ್ಳಗಿರುವ ಗಂಡಸನ್ನು ಕಂಡರೆ ಸೋಮಾರಿ ಎಂದೇ ಲೆಕ್ಕ. ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿಗೆ ಸೌದೆ ಒಟ್ಟಿ, ಉರಿ ಕಾಯ್ದು, ನಿದ್ದೆಗೆಟ್ಟು ಎಲ್ಲರ ಕಣ್ಣೂ ಕೆಂಡವಾಗಿರುತ್ತದೆ. ಹಾಗಾಗಿ ಹೋದ ವರ್ಷ ನನ್ನ ಬಲಗಣ್ಣು ಕೆಂಪಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನಂತೂ ದುಡಿಮೆಗಾರನೆಂದು ಒಳಗೊಳಗೇ ಬೀಗಿದೆ.

ನೋವು ಶುರುವಾದ ಮೇಲೆ ಬೀಗುವುದು ನಿಂತಿತು. ಬೆಳಕು ಬಿದ್ದರೆ ಸಾಕು, ಕಣ್ಣೊಳಗೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ. ಅವ್ವ "ಉಷ್ಣ ಕಣ್ಲಾ ಮಗ" ಎಂದು ನೆತ್ತಿಗೆ ಹರಳೆಣ್ಣೆ ಸುರಿದು, ಕಣ್ಣಿನ ಮೇಲೆ ನಂದಿಬಟ್ಟಲ ಹೂ ಇಟ್ಟು ಮಲಗಿಸಿದಳು. ಎಣ್ಣೆ ಇಳಿದು ಒಳ್ಳೆಯ ಕಣ್ಣಿಗೂ ಹೋಯಿತು. ಮನೆಗೆ ಬಂದ ನೆಂಟನೊಬ್ಬ "ಮದ್ರಾಸ್ ಐ ಕಣಪ್ಪೋ, ನನ್ನ ನೋಡ್ಬ್ಯಾಡ" ಎಂದವನು ಕಾಫಿಯನ್ನೂ ಗೋಡೆಗೆ ಮುಖ ಮಾಡಿಯೇ ಕುಡಿದು ಹೋದ.

ನಾನು ಕಪ್ಪು ಕನ್ನಡಕ ಏರಿಸಿ ಗ್ರೇಡಿಂಗಿಗೆ ಕೂತೆ. ಬೆಂದ ಎಲೆಯನ್ನು ಬಣ್ಣ ನೋಡಿ ಬ್ರೈಟು, ಮೀಡಿಯಮ್ಮು, ಲೋ ಎಂದು ಬೇರೆ ಮಾಡುವ ಕೆಲಸ ಅದು. ಎಲ್ಲರೂ ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರೆ. ನಾನು ಬೆಳಕಿಗೆ ಬೆನ್ನು ಹಾಕಿ ಕೂತಿದ್ದೆ. ನನ್ನ ಹೆಂಡತಿ ನನ್ನ ಬ್ರೈಟು ರಾಶಿಯಿಂದ ಒಂದೊಂದೇ ಕಂದು ಎಲೆ ಎಳೆದು ನನ್ನ ತೊಡೆಯ ಮೇಲೆ ಹಾಕಿದಳು. ಆಮೇಲೆ ಕನ್ನಡಕ ಕಿತ್ತುಕೊಂಡು, ಗಲ್ಲ ಹಿಡಿದು ಬಾಗಿಲ ಕಡೆ ತಿರುಗಿಸಿದಳು.

"ಊರೋರ್ಗೆಲ್ಲ ಎಲ್ಡೂ ಕಣ್ಣು ಕೆಂಪು, ನಿಮ್ಗೆ ಒಂದೇ. ಉರಿ ಒಂದ್ ಕಣ್ಗೆ ಮಾತ್ರ ತಾಕ್ತದಾ? ಏಳಿ, ಮೈಸೂರ್ಗೆ ಓಗಾನ."

ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಎಡಗಣ್ಣು ಮುಚ್ಚಿಕೊಂಡರೆ ಅವಳ ಮುಖ ಮಂಜಾಗಿ ಕಾಣುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮೈಸೂರಿನ ಕಣ್ಣಿನ ಡಾಕ್ಟರಮ್ಮ ಯಂತ್ರದಲ್ಲಿ ಬಹಳ ಹೊತ್ತು ಇಣುಕಿ, "ಚರ್ಮದ ತೊಂದರೆ ಏನಾದ್ರೂ ಇದೆಯಾ ನಿಮಗೆ?" ಎಂದರು.

ನನ್ನ ಬಾಯಿ ತಾನಾಗಿ "ಇಲ್ಲ" ಎಂದಿತು. ಮೊಳಕೈ ಮೇಲಿನ ಸೋರಿಯಾಸಿಸ್ಸಿನ ಬಿಳಿ ಹೊಟ್ಟು ಕಾಣಬಾರದೆಂದು ಸುಡುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಡುವವನು ನಾನು. ಮದುವೆ ಮನೆಯಲ್ಲಿ ಸಾರು ಬಡಿಸುವಾಗಲೂ ತೋಳು ಮಡಿಸಿದವನಲ್ಲ. ಹೆಂಡತಿ ನನ್ನ ತೋಳಿನ ಗುಂಡಿ ಬಿಚ್ಚತೊಡಗಿದಳು.

"ನೋವಿರೋದು ಕಣ್ಣಲ್ಲಿ ಡಾಕ್ಟ್ರೇ, ಮೊಳಕೈಲಲ್ಲ" ಎಂದು ಗೊಣಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಇದು ಎಂದುಕೊಂಡೆ.

"ಎರಡೂ ನಿಮ್ಮ ಮೈಯಲ್ಲೇ ಇರೋದಲ್ವಾ?" ಎಂದರು ಡಾಕ್ಟರಮ್ಮ. ಸೋರಿಯಾಸಿಸ್ ಇರುವ ಕೆಲವರಿಗೆ ಕಣ್ಣಿನ ಒಳಗೂ ಹೀಗೆ ಉರಿಯೂತ ಬರುತ್ತದಂತೆ. ಯುವಿಯೈಟಿಸ್ ಎಂದು ಹೆಸರು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಆದರೆ ಉದಾಸೀನ ಮಾಡಿದರೆ ದೃಷ್ಟಿಯೇ ಹೋಗಬಹುದು. ಅದನ್ನು ಕೇಳಿದ ಹೆಂಡತಿ ಬಸ್ ಸ್ಟ್ಯಾಂಡ್ ತನಕ ನನ್ನ ಬರಿ ಮೊಳಕೈ ಬಿಡಲಿಲ್ಲ. ಅಂಗಿಯ ತೋಳು ಇಳಿಸಿಕೊಳ್ಳಲು ನನಗೂ ನೆನಪಾಗಲಿಲ್ಲ.

ಕಣ್ಣಿಗೆ ತೊಟ್ಟು ತೊಟ್ಟಾಗಿ ಔಷಧಿ ಹಾಕುತ್ತಾ ಬಂದ ಮೇಲೆ ಮಂಜು ಕರಗಿತು. ಚರ್ಮದ ಡಾಕ್ಟರಿಗೂ ತೋರಿಸಿದ್ದಾಯಿತು. ಮತ್ತೆ ಬರಬಹುದು, ಕೆಂಪು ಕಂಡ ಕೂಡಲೇ ಓಡಿ ಬನ್ನಿ ಎಂದಿದ್ದಾರೆ ಕಣ್ಣಿನ ಡಾಕ್ಟರಮ್ಮ. ಅದಕ್ಕೇ ಈಗ ಮನೆಯಲ್ಲಿ ಹೊಸ ಪದ್ಧತಿ. ಬೆಳಗಾದರೆ ಹೆಂಡತಿ ನನ್ನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಗಲ್ಲ ಹಿಡಿದು, ಎಲೆ ನೋಡುವ ಹಾಗೆಯೇ ನೋಡುತ್ತಾಳೆ. ಅವಳು ಬಾಯಿ ಬಿಡುವ ತನಕ ನಾನು ಅಲುಗುವಂತಿಲ್ಲ. ನಾನೂ ಎಡಗಣ್ಣು ಮುಚ್ಚಿ ಅವಳನ್ನು ನೋಡುತ್ತೇನೆ. ಮೂಗುಬೊಟ್ಟಿನ ಸಣ್ಣ ಹರಳು ಕಾಣಬೇಕು.

"ಬ್ರೈಟು" ಎನ್ನುತ್ತಾಳೆ.

"ನೀನೂವೆ ಕಣೇ" ಎನ್ನುತ್ತೇನೆ.