ಪೂಜೆಗೆ ಕೂತ ಕೀಲು

ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದರೆ ಒಂದು ವಾಸನೆ ಬರುತ್ತದೆ. ಇಂಡಿ ತಾಲೂಕಿನ ಸಣ್ಣ ಊರೊಂದರಲ್ಲಿ ಹಾಲವ್ವನ ಅಪ್ಪ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆಯ ವಾಸನೆ ಅದು. ಬಂಡಿಯ ಅಡಿಗೆ ಬಿದಿರಿನ ಗೊಟ್ಟದಲ್ಲಿ ಅದು ಸದಾ ತೂಗುತ್ತಿತ್ತು. ನಸುಕಿನಲ್ಲಿ ಅಪ್ಪ ಗಾಲಿ ಕಳಚುವಾಗ ದೀಪ ಹಿಡಿದು ನಿಲ್ಲುವುದು ಅವಳ ಪಾಲಿನ ಕೆಲಸ. ಈಗ ಭಾಂಡುಪ್‌ನ ಈ ಬಯಲಿನಲ್ಲಿ ಅವಳ ಕೈಗೆ ಸಿಗುವುದು ಡಬ್ಬಿಯ ಹಳದಿ ಗ್ರೀಸು. ಆದರೂ ಮುಚ್ಚಳ ತೆಗೆದ ಕೂಡಲೆ ಒಮ್ಮೆ ಮೂಗಿನ ಹತ್ತಿರ ಹಿಡಿಯುತ್ತಾಳೆ.

"ಆ ವಾಸನಿ ಇದಕ್ಕಿಲ್ಲ. ಆದ್ರ ಅದರ ಬಳಗಾನ ಇದು," ಎನ್ನುತ್ತಾಳೆ.

ಖಂಡೇನವಮಿಯ ಬೆಳಗು. ಕಾರ್ಖಾನೆಗಳ ಮೊದಲ ಭೋಂಗಾ ಇನ್ನೂ ಕೂಗಿಲ್ಲ. ಮಳೆಗಾಲ ಪೂರ್ತಿ ತಾಡಪತ್ರಿ ಹೊದ್ದು ನಿಂತಿದ್ದ ಮೋಜಿನ ತೋಟ ನಾಳೆ ದಸರೆಗೆ ಬಾಗಿಲು ತೆರೆಯಬೇಕು. ಮರದ ಕುದುರೆಗಳಿಗೆ ಹೊಸ ಬಣ್ಣ ಬಿದ್ದಿದೆ. ನಡುವೆ ಹನ್ನೆರಡು ತೊಟ್ಟಿಲುಗಳ ದೊಡ್ಡ ಚಕ್ರ ಮಂಜಿನಲ್ಲಿ ಅರ್ಧ ಮುಳುಗಿ ನಿಂತಿದೆ. ಇಲ್ಲಿಯ ಜನ ಅದನ್ನು ಆಕಾಶ ಪಾಳಣಾ ಎನ್ನುತ್ತಾರೆ. ಎಂಜಿನ್ನು ನೋಡಿಕೊಳ್ಳುವ ಚಂದ್ರಾಮ ಕೈಯಿಂದಲೇ ಚಕ್ರ ತಿರುಗಿಸುತ್ತಾನೆ. ಒಂದೊಂದೇ ತೊಟ್ಟಿಲು ಕೆಳಗೆ ಬಂದು ಹಾಲವ್ವನ ಎದುರು ನಿಲ್ಲುತ್ತದೆ.

ಪ್ರತಿ ತೊಟ್ಟಿಲೂ ಒಂದು ಕಬ್ಬಿಣದ ಸಲಾಕೆಯಿಂದ ತೂಗುತ್ತದೆ. ಸಲಾಕೆ ಪಕ್ಕಕ್ಕೆ ಜಾರದಂತೆ ಅದರ ಎರಡೂ ತುದಿಗೆ ಬೆರಳುದ್ದದ ಒಂದೊಂದು ಕೀಲು. ಹಾಲವ್ವ ಹಳೆಯ ಅರಿವೆಯಿಂದ ಹಿಂದಿನ ಗ್ರೀಸು ಒರೆಸುತ್ತಾಳೆ, ಕೀಲನ್ನು ಮುಟ್ಟಿ ನೋಡುತ್ತಾಳೆ, ಹೊಸ ಗ್ರೀಸು ಮೆತ್ತುತ್ತಾಳೆ. ಮೆತ್ತಿದ ಮೇಲೆ ಕೀಲು ಕಾಣುವುದಿಲ್ಲ, ಹಳದಿ ಮುದ್ದೆಯಷ್ಟೇ ಕಾಣುತ್ತದೆ.

"ಸಲಾಕಿ ಎಲ್ಲಾರಿಗೂ ಕಾಣತೈತಿ. ಕೀಲು ನನಗಷ್ಟ ಕಾಣತೈತಿ," ಎಂಬುದು ಅವಳ ಮಾತು.

ಈ ಕೆಲಸಕ್ಕೆ ಬರುವ ಮುಂಚೆ ಹಾಲವ್ವ ಹೊಸ ಬಿಲ್ಡಿಂಗುಗಳಿಗೆ ಕಲ್ಲು, ಗಾರೆ ಹೊತ್ತವಳು. ಗಂಡ ಬಸವಂತಪ್ಪನೂ ಅದೇ ಕೆಲಸದಲ್ಲಿದ್ದ. ಪರಾಂಚಿಯ ಅಟ್ಟಣಿಗೆಯಿಂದ ಬಿದ್ದು ಕಾಲು ಸೊಟ್ಟಾದ ಮೇಲೆ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲು ಕೂಡುತ್ತಾನೆ. ಗುಡ್ಡದ ಮೇಲಿನ ಅವರ ಖೋಲಿಗೆ ನಲ್ಲಿಯ ನೀರು ಹತ್ತುವುದಿಲ್ಲ, ಅವಳೇ ಹೊತ್ತು ಹತ್ತಿಸಬೇಕು. ಐದು ವರ್ಷದ ಹಿಂದೆ ಈ ಬಯಲಿಗೆ ನೀರು ಹೊರಲು ಬಂದವಳು, ಚಕ್ರ ಕಿರುಗುಟ್ಟುವುದನ್ನು ಕೇಳಲಾರದೆ ಎಣ್ಣೆಯ ಡಬ್ಬಿ ಎತ್ತಿಕೊಂಡಳು. "ಬೈತಾರೇನೋ ಅಂದ್ಕೊಂಡಿದ್ದೆ. ಯಾರೂ ಬೈಲಿಲ್ಲ. ಮರುದಿನ ಡಬ್ಬಿ ನನ್ನ ಜಾಗಾಕ್ಕ ಬಂದು ಕುಂತಿತ್ತು." ಇಟ್ಟವನು ಮಿಸ್ತ್ರಿ ಬಂಡೆಪ್ಪ. ಅವನು ಈ ಮಾತನ್ನು ಇಂದಿಗೂ ಒಪ್ಪುವುದಿಲ್ಲ.

ಬಂಡೆಪ್ಪನ ಇಂಥದೇ ಇನ್ನೊಂದು ಉಪಕಾರದಿಂದ ಈ ನವಮಿಯ ಸಂಜೆ ನಾಲ್ಕು ಜೀವಗಳು ಒಂದು ತಂತಿಯ ಚೂರಿಗೆ ತೂಗಿದವು.

ಮಧ್ಯಾಹ್ನ ಎಂಜಿನ್ ಶೆಡ್ಡಿನ ಮೂಲೆಯಲ್ಲಿ ಗದ್ದುಗೆ ಮಾಡಿ ಆಯುಧ ಪೂಜೆಗೆ ಇಡುತ್ತಾರೆ. ಯಾರಿಗೆ ಯಾವುದು ಅನ್ನ ಕೊಡುತ್ತದೋ ಅದನ್ನು ಅವರು ತಂದಿಡುವುದು ಇವರ ಊರ ಕಡೆಯ ಪದ್ಧತಿ. ಇಟ್ಟದ್ದನ್ನು ಮರುದಿನ ಮುಂಜಾನೆ ಕದಲಿಸುವ ತನಕ ಮುಟ್ಟುವಂತಿಲ್ಲ. ಬಂಡೆಪ್ಪ ನಟ್ಟು ಬಿಗಿಯುವ ಪಾನಾ ಇಡುತ್ತಾನೆ, ಚಂದ್ರಾಮ ಸುತ್ತಿಗೆ ಇಡುತ್ತಾನೆ. ಹಾಲವ್ವನ ಬಳಿ ಇರುವುದು ಗ್ರೀಸು ಒರೆಸುವ ಅರಿವೆ. ಅಂಥ ಹೊಲಸು ಅರಿವೆಯನ್ನು ದೇವರ ಮುಂದೆ ಇಡುವುದು ಹೇಗೆ? ಅವಳು ಕೈ ಕಟ್ಟಿಕೊಂಡು ಹಿಂದೆ ನಿಲ್ಲುತ್ತಾಳೆ.

ಬಂಡೆಪ್ಪ ಅದನ್ನು ನೋಡುತ್ತಾನೆ. ಹೊರಗೆ ಹೋಗಿ ಸ್ವಲ್ಪ ಹೊತ್ತಿಗೆ ಒಂದು ಕೀಲು ಹಿಡಿದು ಬರುತ್ತಾನೆ. ನೀರಿನಲ್ಲಿ ತೊಳೆದು, ಕುಂಕುಮ ಹಚ್ಚಿ, ತನ್ನ ಪಾನಾದ ಪಕ್ಕಕ್ಕೆ ಇಡುತ್ತಾನೆ.

"ತಂಗಿ, ಇದು ನಿಂದು," ಎನ್ನುತ್ತಾನೆ.

ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೆಯ ಕೀಲುಗಳಲ್ಲಿ ಒಂದಿರಬೇಕು ಎಂದುಕೊಂಡು ಹಾಲವ್ವ ನಮಸ್ಕಾರ ಮಾಡುತ್ತಾಳೆ. ಆದರೆ ತುಕ್ಕು ತಿಂದ ಕೀಲನ್ನು ಪೂಜೆಗಿಡಲು ಬಂಡೆಪ್ಪನಿಗೆ ಮನಸ್ಸು ಬಂದಿರಲಿಲ್ಲ. ದುಡಿಯುವ ಕೀಲನ್ನೇ ಚಕ್ರದಿಂದ ಕಿತ್ತು ತಂದಿದ್ದ. ನಾಳೆ ಕದಲಿಸುವ ತನಕ ಯಾರೂ ತೊಟ್ಟಿಲು ಹತ್ತುವುದಿಲ್ಲವಲ್ಲ ಎಂದು, ಆ ತೂತಿಗೆ ತಂತಿಯ ಚೂರೊಂದನ್ನು ತೂರಿಸಿ, ಗ್ರೀಸು ಮುಚ್ಚಿದ್ದ. ಆಮೇಲೆ ಚಕ್ರಕ್ಕೆ ಹೂವಿನ ಸರ, ಹಬ್ಬಕ್ಕೆ ಬನ್ನಿ ತರಲು ಲೋಕಲ್ ಹಿಡಿದು ದಾದರ್‌ಗೆ ಹೊರಟುಹೋದ.

ಸಂಜೆ ತೋಟದ ಮಾಲೀಕ ಶೇಠ್ ಬರುತ್ತಾನೆ. ಈ ಬೇಸಿಗೆಯಲ್ಲಿ ರೈಲು ಮುಷ್ಕರ ನಡೆದು ಬಯಲಿಗೆ ಜನ ಬಂದಿರಲಿಲ್ಲ, ಆ ಕೊರಗು ಅವನಿಗಿದೆ. ಕಾರ್ಖಾನೆಗಳು ಹಬ್ಬಕ್ಕೆಂದು ಬೇಗ ಬಿಟ್ಟಿವೆ, ಗೇಟಿನ ಹೊರಗೆ ಜನ ಹೆಂಡತಿ ಮಕ್ಕಳ ಸಮೇತ ಇಣುಕುತ್ತಿದ್ದಾರೆ. ನಾಳೆಯವರೆಗೆ ಕಾಯುವುದೇಕೆ, ಈಗಲೇ ತೆರೆಯಿರಿ ಎಂದು ಅಪ್ಪಣೆಯಾಗುತ್ತದೆ. ಪೂಜೆಗೆ ಕೂತದ್ದು ಪಾನಾ, ಸುತ್ತಿಗೆ. ಚಕ್ರವಲ್ಲವಲ್ಲ ಎನ್ನುತ್ತಾನೆ ಶೇಠ್. ಮುಂಜಾನೆಯಷ್ಟೇ ಎಲ್ಲವನ್ನೂ ಮುಟ್ಟಿ ನೋಡಿದ ಧೈರ್ಯ ಹಾಲವ್ವನಿಗೂ ಇದೆ. ತೊಟ್ಟಿಲಿಗೆ ನಾಲ್ವರಂತೆ ಕೂರಿಸುತ್ತಾಳೆ.

ಕೆಂಪು ತೊಟ್ಟಿಲು ಹತ್ತಿದವರು ಕನ್ನಡದವರು. ವಿಲೆ ಪಾರ್ಲೆಯಿಂದ ಇಲ್ಲಿನ ನೆಂಟರ ಮನೆಗೆ ಹಬ್ಬಕ್ಕೆ ಬಂದ ಪ್ರಫುಲ್ಲಾ, ಅವಳ ಇಬ್ಬರು ಹೆಣ್ಣುಮಕ್ಕಳು, ಅತ್ತೆ ಮೋಹಿನಿ. ಅತ್ತೆ ಕೆಳಗೇ ಕೂತಿರಲಿ ಎಂದು ಪ್ರಫುಲ್ಲಾ ಹೇಳುತ್ತಾಳೆ. ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲು ಹತ್ತುತ್ತಾಳೆ.

"ನಂಗೆಂತ ಹೆದರಿಕೆ? ಮಂಗಳೂರಿಂದ ಹಡಗಿನಲ್ಲಿ ಬಂದವಳು ನಾನು. ನೀನು ಬಂದದ್ದು ಬಸ್ಸಲ್ಲಿ."

ಚಕ್ರ ಹೊರಡುತ್ತದೆ. ಗಾಳಿ ಬೀಸಿತೆಂದು ಹಾಲವ್ವ ಗದ್ದುಗೆಯ ದೀಪ ನೋಡಲು ಶೆಡ್ಡಿಗೆ ಹೋಗುತ್ತಾಳೆ. ಬತ್ತಿ ಮುಂದೆ ಮಾಡಲು ಬಗ್ಗಿದಾಗ ಕುಂಕುಮದ ಕೆಳಗಿನಿಂದ ಆ ಪರಿಚಯದ ವಾಸನೆ. ಗ್ರೀಸು. ನೀರಿಗೆ ಅದು ಹೋಗುವುದಿಲ್ಲ. ಪೆಟ್ಟಿಗೆಯ ಕೀಲುಗಳಿಗೆ ಇರುವುದು ಬರಿಯ ತುಕ್ಕಿನ ವಾಸನೆ. ಇದು ಮುಂಜಾನೆ ಅವಳ ಬೆರಳೇ ಮೆತ್ತಿದ್ದು.

ಹಾಲವ್ವ ಕೈ ಮುಗಿಯುವುದಿಲ್ಲ. ಗದ್ದುಗೆಯ ಮೇಲಿನ ಕೀಲನ್ನು ಎತ್ತಿಕೊಂಡು ಓಡುತ್ತಾಳೆ.

ಯಾವ ತೊಟ್ಟಿಲಿನದು? ಹೇಳಬಲ್ಲವನು ದಾದರ್‌ನಲ್ಲಿದ್ದಾನೆ, ಇಲ್ಲವೆ ಯಾವುದೋ ಲೋಕಲ್‌ನಲ್ಲಿ ನೇತಾಡುತ್ತಿದ್ದಾನೆ. ಕೆಳಗಿನಿಂದ ನೋಡಿದರೆ ಹನ್ನೆರಡಕ್ಕೂ ಒಂದೇ ಥರದ ಗ್ರೀಸಿನ ಮುದ್ದೆ.

"ತಮ್ಮಾ, ಮೆಲ್ಲಕ ಮಾಡು. ಜಗ್ಗಬ್ಯಾಡ," ಎನ್ನುತ್ತಾಳೆ ಚಂದ್ರಾಮನ ಕಿವಿಯ ಹತ್ತಿರ. "ಒಂದ ತೊಟ್ಟಿಲಕ್ಕ ಕೀಲಿಲ್ಲ."

"ಯಾವುದಕ್ಕ?"

"ಗೊತ್ತಿಲ್ಲ."

ಚಂದ್ರಾಮ ಎಂಜಿನ್ನಿನ ಕಡೆ ಬಗ್ಗುತ್ತಾನೆ. ಎಂಜಿನ್ನಿನ ಸದ್ದು ಇಳಿಯುತ್ತದೆ, ಅವನ ಕೈ ಬ್ರೇಕಿನ ಮೇಲೆ ಕೂರುತ್ತದೆ.

ತುಂಬಿದ ಚಕ್ರವನ್ನು ಸಾಲಾಗಿ ಇಳಿಸುವಂತಿಲ್ಲ. ಒಂದು ಮಗ್ಗುಲು ಹಗುರಾದರೆ ಇನ್ನೊಂದು ಮಗ್ಗುಲು ಭಾರಕ್ಕೆ ಧಡಕ್ಕನೆ ಎಳೆಯುತ್ತದೆ. ಒಂದು ತೊಟ್ಟಿಲು ಇಳಿಸಿದ ಮೇಲೆ ಅದರ ಎದುರಿನದನ್ನು ಕೆಳಗೆ ತರಬೇಕು. ಅಂದರೆ ಪ್ರತಿ ಸಲ ಅರ್ಧ ಸುತ್ತು. ಎಲ್ಲಿದೆಯೋ ತಿಳಿಯದ ಆ ತೊಟ್ಟಿಲು ಮತ್ತೆ ಮತ್ತೆ ನೆತ್ತಿ ದಾಟಬೇಕು. ಸಂಗತಿ ಕೂಗಿ ಹೇಳಿದರೆ ಜನ ಗಾಬರಿಯಿಂದ ಎದ್ದು ನಿಲ್ಲುತ್ತಾರೆ. ನಿಂತರೆ ತೊಟ್ಟಿಲು ವಾಲುತ್ತದೆ. ವಾಲಿದರೆ ಸಲಾಕೆ ಜಾರುತ್ತದೆ.

ಹಾಲವ್ವನ ಅಂಗೈಗೆ ಕೀಲಿನ ಕುಂಕುಮ ಅಂಟಿದೆ. ಅದನ್ನು ನೋಡಿದಾಗ ಅವಳಿಗೆ ದಾರಿ ತೋಚುತ್ತದೆ. ಕೆಳಗೆ ಬಂದ ಮೊದಲ ತೊಟ್ಟಿಲಿನವರಿಗೆ, "ಪೂಜಾ ರಹ್ ಗಯಾ. ಉತರ್ ಜಾಓ ಭಾಯಿ, ಆರಾಮ್ ಸೆ," ಎಂದು ಪೂಜೆ ಉಳಿದ ನೆಪ ಹೇಳುತ್ತಾಳೆ. ಅವರು ಇಳಿಯುತ್ತಾರೆ. ಅವಳು ತೊಟ್ಟಿಲಿಗೆ ಒಂದು ಕುಂಕುಮದ ಬೊಟ್ಟು ಇಟ್ಟು, ಅರಿವೆಯಿಂದ ಎರಡೂ ತುದಿ ಒರೆಸುತ್ತಾಳೆ. ಎರಡೂ ಕಡೆ ಕೀಲಿದೆ. ಅರ್ಧ ಸುತ್ತು. ಮತ್ತೊಂದು ಬೊಟ್ಟು, ಮತ್ತೆ ಅರಿವೆ. ಅಲ್ಲೂ ಇದೆ. ನವಮಿಯ ದಿನ ಯಂತ್ರಕ್ಕೆ ಪೂಜೆ ಎಂದರೆ ಈ ಊರಿನಲ್ಲಿ ಯಾರು ಬೇಡವೆಂದಾರು? ಕೆಲವರು ತೊಟ್ಟಿಲಿಗೆ ಕೈ ಮುಗಿದು ಇಳಿಯುತ್ತಾರೆ. ಒಬ್ಬಾತ ಮಾತ್ರ, ಇದು ಪಾಳಣಾವೋ ಸತ್ಯನಾರಾಯಣ ಕಥೆಯೋ ಎಂದು ಗೊಣಗುತ್ತಾನೆ. ಶೇಠ್ ದೂರದಿಂದ ಕೈ ಆಡಿಸುತ್ತಾ ಬರುತ್ತಾನೆ. ಹಾಲವ್ವ ಅವನ ಕಡೆ ತಿರುಗುವುದಿಲ್ಲ.

ಕೊನೆಗೆ ಎದುರುಬದುರು ಎರಡೇ ತೊಟ್ಟಿಲು ಉಳಿಯುತ್ತವೆ. ಹಸಿರು ಕೆಳಗಿದೆ, ಕೆಂಪು ನೆತ್ತಿಯ ಮೇಲಿದೆ. ಹಸಿರಿನವರು ಇಳಿಯುತ್ತಾರೆ. ಒಂದು ತುದಿ ಒರೆಸುತ್ತಾಳೆ, ಕೀಲು. ಇನ್ನೊಂದು ತುದಿ ಒರೆಸುತ್ತಾಳೆ, ಕೀಲು.

ಹಾಲವ್ವ ತಲೆಯೆತ್ತಿ ನೋಡುತ್ತಾಳೆ. ಮೇಲೆ ಮೋಹಿನಿ ಮೊಮ್ಮಕ್ಕಳಿಗೆ ದೂರದ ಖಾಡಿಯ ಕಡಲನೀರು ತೋರಿಸಲು ಅರ್ಧ ಎದ್ದಿದ್ದಾಳೆ. ಕೆಂಪು ತೊಟ್ಟಿಲು ಒಂದು ಬದಿಗೆ ವಾಲಿದೆ.

"ಅವ್ವಾರ, ಕುಂಡ್ರಿ. ನಿಮ್ಮ ಮಕ್ಕಳನ ಹಿಡಕೊಂಡು ಕುಂಡ್ರಿ."

ಜೋರಾಗಿ ಹೇಳುತ್ತಾಳೆ, ಆದರೆ ಕೂಗುವುದಿಲ್ಲ. ಆ ಗದ್ದಲದಲ್ಲಿ ಕನ್ನಡ ಕಿವಿಗೆ ಬಿದ್ದು ಮುದುಕಿ ಕೆಳಗೆ ನೋಡುತ್ತಾಳೆ. ಹೇಳುತ್ತಿರುವವಳ ಮುಖದಲ್ಲಿ ಏನು ಕಂಡಿತೋ, ಎರಡೂ ಮಕ್ಕಳನ್ನು ತೊಡೆಗೆ ಎಳೆದುಕೊಂಡು ಕೂರುತ್ತಾಳೆ.

ಚಂದ್ರಾಮ ಬ್ರೇಕನ್ನು ಕೂದಲೆಳೆಯಷ್ಟು ಸಡಿಲಿಸುತ್ತಾ, ಹಿಡಿಯುತ್ತಾ ಬರುತ್ತಾನೆ. ಚಕ್ರ ಇಷ್ಟು ನಿಧಾನವಾಗಿ ಎಂದೂ ತಿರುಗಿದ್ದಿಲ್ಲ. ತೊಟ್ಟಿಲು ಕೈಗೆ ಎಟಕುವ ಮೊದಲೇ ಹಾಲವ್ವ ಅದರ ಅಡಿಗೆ ಹೆಗಲು ಕೊಡುತ್ತಾಳೆ, ಗಾರೆಯ ಬುಟ್ಟಿಗೆ ಕೊಡುತ್ತಿದ್ದ ಹಾಗೆ. ಮಕ್ಕಳು ಇಳಿಯುತ್ತವೆ, ಪ್ರಫುಲ್ಲಾ ಇಳಿಯುತ್ತಾಳೆ. ಕೊನೆಗೆ ಮೋಹಿನಿ, ಹಾಲವ್ವನ ಕೈ ಹಿಡಿದು.

ಇಷ್ಟು ಬೇಗ ಇಳಿಸಿದ್ದಕ್ಕೆ ನಾಲ್ಕು ಮಾತು ಹೇಳಬೇಕೆಂದೇ ಮುದುಕಿ ಬಾಯಿ ತೆರೆದದ್ದು. ಹಿಡಿದ ಕೈಯ ನಡುಕಕ್ಕೆ ಮಾತು ಬೇರೆಯಾಗುತ್ತದೆ.

"ಎಂತ ಮಾರಾಯ್ತಿ, ಕೈ ಹೀಗೆ ನಡುಗ್ತದೆ. ಜ್ವರ ಉಂಟಾ?"

"ಇಲ್ರಿ ಅವ್ವಾರ. ಹಬ್ಬದ ಉಪವಾಸ."

ಮೋಹಿನಿ ಕೈ ಬಿಡುವುದಿಲ್ಲ. ಗ್ರೀಸು ಕುಂಕುಮ ಎರಡೂ ಮೆತ್ತಿದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡು, ನಡುಕ ನಿಲ್ಲುವ ತನಕ ನಿಲ್ಲುತ್ತಾಳೆ. ಆಮೇಲೆ ಮೊಮ್ಮಕ್ಕಳ ಜೊತೆ ಮರದ ಕುದುರೆಗಳ ಕಡೆ ನಡೆಯುತ್ತಾಳೆ. ಯಾಕೆ ನಡುಗಿತೆಂದು ಅವಳಿಗೆ ಯಾರೂ ಹೇಳುವುದಿಲ್ಲ.

ಕೆಂಪು ತೊಟ್ಟಿಲಿನ ಎರಡನೆಯ ತುದಿಯಲ್ಲಿ ಅರಿವೆ ಸಿಕ್ಕಿಬೀಳುತ್ತದೆ. ತಂತಿಯ ಚೂರು ನೆಟ್ಟಗಾಗುತ್ತಾ ಬಂದಿದೆ. ಸಲಾಕೆ ಬೆರಳಗಲ ಜಾರಿದೆ. ಅದನ್ನು ಒಳಕ್ಕೆ ತಳ್ಳಿ, ಹಾಲವ್ವ ಕೀಲನ್ನು ಅದರ ತೂತಿಗೆ ಕೂರಿಸುತ್ತಾಳೆ.

ಶೇಠ್‌ಗೆ ಹಾಲವ್ವ ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ, ಒಂದು ಮಾತು ಬಿಟ್ಟು. ಕೀಲು ಪೂಜೆಯಲ್ಲಿತ್ತು. ಕಿತ್ತವರು ಯಾರು ಎಂದು ಅವನು ಕೇಳುತ್ತಾನೆ.

"ಪೂಜಾ ಮೇರಾ. ಕೀಲ್ ಭೀ ಮೇರಾ," ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ.

ನಾಳೆಯಿಂದ ಚಕ್ರದ ಹತ್ತಿರ ಸುಳಿಯಬೇಡ, ಗೇಟಿನಲ್ಲಿ ಕಸ ಗುಡಿಸು ಎಂದು ಹೇಳಿ ಶೇಠ್ ಹೊರಟುಹೋಗುತ್ತಾನೆ. ಹೂವಿನ ಮೂಟೆ ಹೊತ್ತು ಬಂಡೆಪ್ಪ ಗೇಟಿನೊಳಗೆ ಬರುವಾಗ ಚಕ್ರ ನಿಂತಿದೆ, ಜನ ಚದುರಿದ್ದಾರೆ. ನಡೆದದ್ದನ್ನು ಚಂದ್ರಾಮ ಹೇಳುತ್ತಾನೆ. ಬಂಡೆಪ್ಪ ಮೂಟೆ ಇಳಿಸುವುದನ್ನೂ ಮರೆತು ನಿಲ್ಲುತ್ತಾನೆ.

ದಸರೆಯ ನಸುಕು. ಹಾಲವ್ವ ಇಂದು ಗ್ರೀಸಿನ ಡಬ್ಬಿಯ ಕಡೆ ಹೋಗುವುದಿಲ್ಲ. ಗೇಟಿನ ಹತ್ತಿರ ಕಸಬರಿಗೆ ಹಿಡಿದಿದ್ದಾಳೆ, ಕಣ್ಣು ಮಾತ್ರ ಚಕ್ರದ ಮೇಲಿದೆ. ಶೇಠ್‌ನ ತಗಡಿನ ಆಫೀಸಿನಲ್ಲಿ, ಕೀಲು ಕಿತ್ತವನು ನಾನು ಎನ್ನುವ ಬಂಡೆಪ್ಪನ ದನಿ ಕೇಳುತ್ತದೆ, ಅದರ ಮೇಲೆ ಶೇಠ್‌ನ ದನಿ. ಬಂಡೆಪ್ಪ ತಲೆ ತಗ್ಗಿಸಿ ಹೊರಬಂದು ಎಂಜಿನ್ ಶೆಡ್ಡಿನ ಹಿಂದಕ್ಕೆ ಹೋಗುತ್ತಾನೆ. ಬಾಗಿಲಿಗೆ ಬಂದ ಶೇಠ್ ಚಕ್ರವನ್ನೊಮ್ಮೆ, ಹಾಲವ್ವನನ್ನೊಮ್ಮೆ ನೋಡುತ್ತಾನೆ.

"ಆಜ್ ಸೆ ಯೇ ಬಾಯಿ ಹಾಂ ಬೋಲೇಗಿ, ತಬ್ ಗೇಟ್ ಖುಲೇಗಾ," ಎಂದು ಚಂದ್ರಾಮನಿಗೆ ಹೇಳಿ ಒಳಗೆ ಹೋಗುತ್ತಾನೆ. ಇನ್ನು ಅವಳು ಹೂಂ ಎಂದ ಮೇಲೆಯೇ ಗೇಟು.

ಹಾಲವ್ವ ಕಸಬರಿಗೆ ಗೋಡೆಗೆ ಒರಗಿಸುತ್ತಾಳೆ. ನಲ್ಲಿಯ ಹತ್ತಿರ ಕೂತು ಅರಿವೆಯನ್ನು ಸೋಪು ಹಚ್ಚಿ ಒಗೆಯುತ್ತಾಳೆ. ಎಷ್ಟು ಒಗೆದರೂ ಅದು ಕರಿದೇ. ಹಿಂಡಿ, ಮಡಿಸಿ, ಪೂಜೆ ಕದಲಿಸುವ ಮುನ್ನ ಗದ್ದುಗೆಯ ಮೇಲೆ ಪಾನಾ ಸುತ್ತಿಗೆಗಳ ನಡುವೆ, ನಿನ್ನೆ ಕೀಲಿದ್ದ ಜಾಗದಲ್ಲಿ ಇಡುತ್ತಾಳೆ. ಕುಂಕುಮ ಹಚ್ಚುತ್ತಾಳೆ. ಚಂದ್ರಾಮ ಅದನ್ನು ನೋಡಿ ಊದಿನಕಡ್ಡಿಯನ್ನು ಅವಳ ಕೈಗೆ ಕೊಡುತ್ತಾನೆ.

"ಮುಂದಿನ ವರ್ಷ ನನಗ ಯಾರೂ ಏನೂ ಹುಡುಕಬ್ಯಾಡ್ರಿ," ಎನ್ನುತ್ತಾಳೆ ಹಾಲವ್ವ. "ನನ್ನ ಅರಿವಿ ಐತಿ."

ಪೂಜೆ ಕದಲಿಸಿದ ಮೇಲೆ ಹನ್ನೆರಡು ತೊಟ್ಟಿಲು, ಒಂದೊಂದಕ್ಕೂ ಎರಡು ತುದಿ. ಒದ್ದೆ ಅರಿವೆಯಿಂದಲೇ ಒರೆಸಿ ಮುಟ್ಟಿ ನೋಡುತ್ತಾಳೆ. ಕೆಂಪು ತೊಟ್ಟಿಲಿನದನ್ನು ಎರಡು ಸಲ ಮುಟ್ಟುತ್ತಾಳೆ. ಬಿಸಿಲು ಚಕ್ರದ ನೆತ್ತಿಗೆ ಬರುತ್ತದೆ. ಗೇಟಿನ ಹೊರಗೆ ಮಕ್ಕಳ ದನಿ ಜೋರಾಗುತ್ತಿದೆ. ಇನ್ನೂ ಅವಳು ಹೂಂ ಎಂದಿಲ್ಲ.

ಶೆಡ್ಡಿನ ಹಿಂದೆ ಬಂಡೆಪ್ಪ ಕೂತಿದ್ದಾನೆ. ಪಕ್ಕದಲ್ಲಿ ನಿನ್ನೆ ತಂದ ಬನ್ನಿಯ ಕಟ್ಟು ಬಿಚ್ಚದೆ ಬಿದ್ದಿದೆ. ಒಂಟಿ ಮನುಷ್ಯ, ನಿನ್ನೆ ಸಂಜೆಯಿಂದ ಒಲೆ ಹಚ್ಚಿರಲಾರ. ಹಾಲವ್ವ ತನ್ನ ಬುತ್ತಿ ತೆಗೆದುಕೊಂಡು ಅಲ್ಲಿಗೆ ನಡೆಯುತ್ತಾಳೆ. ಗಂಟು ಬಿಚ್ಚುತ್ತಾಳೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಹಬ್ಬದ ಒಂದು ಹೋಳಿಗೆ. ಅವನ ಕೈಗೆ ಇಡುತ್ತಾಳೆ. ಅವನು ಹಿಡಿದುಕೊಳ್ಳುವ ತನಕ ತನ್ನ ಕೈ ತೆಗೆಯುವುದಿಲ್ಲ.