ಶಶಿರೇಖಳ ಸೈಕಲ್ ಕೊಟ್ಟಿಗೆ

ಕೋರಮಂಡಲ್ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಶಶಿರೇಖಳ ಮನೆ. ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಿಂದ ಬೆಳಗಿನ ಬೆಂಗಳೂರು ರೈಲಿಗೆ ಸೈಕಲ್ಲಿನಲ್ಲಿ ಬರುವವರು ಆ ಮನೆಯ ಮುಂದೆಯೇ ಹಾದುಹೋಗಬೇಕು. ಬೀದಿ ನಲ್ಲಿಯಲ್ಲಿ ನೀರು ಹಿಡಿಯುತ್ತಾ ನಿಂತ ಶಶಿರೇಖ ತಲೆ ಎತ್ತದೆಯೇ ಹೇಳಬಲ್ಲಳು: ಈ ಸೈಕಲ್ಲಿನ ಚೈನು ಎಣ್ಣೆ ಕಂಡು ತಿಂಗಳಾಯಿತು, ಅದರ ಹಿಂದಿನ ಚಕ್ರ ಬೆಂಡಾಗಿ ಮಡ್‌ಗಾರ್ಡಿಗೆ ಉಜ್ಜುತ್ತಿದೆ, ಇನ್ನೊಂದರ ಪೆಡಲು ಇವತ್ತೋ ನಾಳೆಯೋ ಕಳಚಿಕೊಳ್ಳುತ್ತದೆ.

ಈ ಕಿವಿ ಅವಳಿಗೆ ತಂದೆಯಿಂದ ಬಂದದ್ದು. ಬೂದಿಕೋಟೆ ಬಸ್ ನಿಲ್ದಾಣದ ಪಕ್ಕ ವೆಂಕಟೇಶಪ್ಪನ ಸೈಕಲ್ ಶಾಪಿತ್ತು. ಶಾಲೆ ಬಿಟ್ಟ ಮೇಲೆ ಶಶಿರೇಖ ಅಲ್ಲೇ ಕೂತಿರುತ್ತಿದ್ದಳು. ಹತ್ತು ವರ್ಷಕ್ಕೇ ಪಂಕ್ಚರ್ ಹಾಕಲು ಬರುತ್ತಿತ್ತು, ಹನ್ನೆರಡಕ್ಕೆ ಚಕ್ರದ ಬೆಂಡು ತೆಗೆಯುತ್ತಿದ್ದಳು. ಹದಿಮೂರಾದಾಗ ಮನೆಯ ಹೆಂಗಸರು ಸೇರಿ, ದೊಡ್ಡವಳಾದ ಹುಡುಗಿ ರಸ್ತೆ ಬದಿಯಲ್ಲಿ ಗ್ರೀಸ್ ಬಳಿದುಕೊಂಡು ಕೂರುವುದು ಚೆನ್ನಾಗಿರುವುದಿಲ್ಲ ಎಂದರು. ಆಮೇಲೆ ಅವಳು ಶಾಪಿಗೆ ಊಟದ ಕ್ಯಾರಿಯರ್ ಕೊಡಲು ಮಾತ್ರ ಹೋಗುತ್ತಿದ್ದಳು.

ಮದುವೆಯಾಗಿ ಕೋರಮಂಡಲ್‌ಗೆ ಬಂದು ಇಪ್ಪತ್ತೆರಡು ವರ್ಷ. ಗಂಡ ಮುನೇಶ್ ಪೇಂಟರ್, ಅವನೂ ಅದೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು. ಅತ್ತೆ ಮುನಿನಾರಾಯಣಮ್ಮ ಎರಡು ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ಹೋದ ವರ್ಷ ಮಂಡಿನೋವು ಹೆಚ್ಚಾಗಿ ಎರಡನ್ನೂ ಮಾರಿದಳು. ಮನೆಗೆ ಅಂಟಿಕೊಂಡಿದ್ದ ಉದ್ದನೆಯ ಕೊಟ್ಟಿಗೆ ಖಾಲಿಯಾಯಿತು. ಅದರಲ್ಲೀಗ ಸೌದೆ, ಮುರಿದ ಮಂಚ, ಮುನೇಶನ ಬಣ್ಣದ ಡಬ್ಬಗಳು.

ಒಂದು ಸಂಜೆ ಸುಮಲತ ಎಂಬ ಹೆಂಗಸು ಗಾಳಿ ಹೋದ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಳು. ಬೆಂಗಳೂರಿನಲ್ಲಿ ಆಸ್ಪತ್ರೆ ಗುಡಿಸಿ ಒರೆಸುವ ಕೆಲಸ ಮುಗಿಸಿ ರೈಲಿಳಿದವಳು, ಊರಿಗೆ ಇನ್ನೂ ಆರು ಕಿಲೋಮೀಟರ್ ಇತ್ತು.

"ನಿಂತ್ಕಳಕ್ಕ," ಎಂದಳು ಶಶಿರೇಖ. "ಪಂಪ್ ಐತೆ, ಒಳೀಕ್ ಬಾ."

ಪಂಪಿನಿಂದ ಆಗುವ ಕೆಲಸವಾಗಿರಲಿಲ್ಲ. ಟ್ಯೂಬಿನಲ್ಲಿ ಮುಳ್ಳಿತ್ತು. ಶಶಿರೇಖ ಎರಡು ಚಮಚ ತಂದು ಅವುಗಳ ಹಿಡಿಯಿಂದ ಟೈರು ಬಿಚ್ಚಿದಳು, ಬಕೆಟ್ಟಿನ ನೀರಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ಏಳುವ ಜಾಗ ಹುಡುಕಿದಳು, ಪಕ್ಕದ ಅಂಗಡಿಯಿಂದ ಸೊಲ್ಯೂಷನ್ ತರಿಸಿ ಹಳೇ ಟ್ಯೂಬಿನ ತುಂಡೊಂದನ್ನು ಅಂಟಿಸಿದಳು. ಕಾಲು ಗಂಟೆ ಹಿಡಿಯಿತು. ಸುಮಲತ ಹೋದ ಮೇಲೂ ಅವಳು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಬೆರಳುಗಳಿಗೆ ಎಲ್ಲವೂ ನೆನಪಿತ್ತು.

ಊಟಕ್ಕೆ ಕೂತಾಗ ಮಾತು ತೆಗೆದಳು.

"ರೈಲಿಗೆ ಓಗೋರು ಬೆಳಿಗ್ಗೆ ಸೈಕಲ್ ಇಲ್ಲಿ ಬಿಟ್ಟೋಗ್ಲಿ. ಸ್ಟೇಷನ್ ಅತ್ರ ಬಿಸ್ಲಲ್ಲಿ ಸುಮ್ನೆ ನಿಂತಿರ್ತವೆ, ಸೀಟು ಕದೀತಾರೆ, ಟೈರು ಒಣಗೋಯ್ತವೆ. ಅವರು ಬರೋ ಒತ್ಗೆ ನಾನು ರಿಪೇರಿ ಮಾಡಿಟ್ಟಿರ್ತೀನಿ. ಅವ್ರಿಗೆ ಟೈಮಿಲ್ಲ, ನಂಗೈತೆ."

ಮುನೇಶ್ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಎಲ್ಲಿಡ್ತೀಯ?"

"ಕೊಟ್ಟಿಗೇಲಿ."

ಮುನಿನಾರಾಯಣಮ್ಮ ತಟ್ಟೆಯಿಂದ ಕೈ ತೆಗೆದಳು. "ಕೊಟ್ಟಿಗೆ ಇರೋದು ಅಸ ಕಟ್ಟಾಕೆ. ಸುಗ್ಗಿ ಆದ್ಮೇಲೆ ಒಂದು ಕರ ತರಾನ ಅಂತಿದ್ದೆ ನಾನು."

"ನಿಮ್ ಮಂಡಿ ಏನಂತೈತೆ ಅತ್ತೆ?"

"ನನ್ ಮಂಡಿ ವಿಷ್ಯ ಬಿಡು," ಎಂದಳು ಅತ್ತೆ. ಆದರೆ ಬೇಡ ಎಂದು ಹೇಳಲಿಲ್ಲ. ಶಶಿರೇಖಳಿಗೆ ಅಷ್ಟೇ ಬೇಕಾಗಿತ್ತು.

ಮರುದಿನದಿಂದಲೇ ಕೆಲಸ ಹಿಡಿದಳು. ಸೌದೆ ಹೊರಗೆ ಹೋಯಿತು. ಕಲ್ಲುಚಪ್ಪಡಿಯ ನೆಲವನ್ನು ಮೂರು ಸಲ ತೊಳೆದಳು. ಗೋಡೆಗೆ ಮುನೇಶ್ ಸುಣ್ಣ ಹೊಡೆದ. ಹಸುಗಳು ಮೇವು ತಿನ್ನುತ್ತಿದ್ದ ಗೋದಲಿಯ ಮೇಲೆ ಹಳೇ ಬಾಗಿಲೊಂದನ್ನು ಅಡ್ಡ ಹಾಕಿದಾಗ ಸೊಂಟದೆತ್ತರದ ಕೆಲಸದ ಮೇಜಾಯಿತು. ಕಲಗಚ್ಚಿನ ಕಲ್ಲುಬಾನಿ ಟ್ಯೂಬು ಅದ್ದುವ ತೊಟ್ಟಿಯಾಯಿತು. ಬೂದಿಕೋಟೆಗೆ ಬಸ್ಸಿನಲ್ಲಿ ಹೋಗಿ, ತಮ್ಮನ ಮನೆಯ ಅಟ್ಟದ ಮೇಲೆ ಅಪ್ಪ ಸತ್ತಾಗಿನಿಂದ ಬಿದ್ದಿದ್ದ ಕಬ್ಬಿಣದ ಪೆಟ್ಟಿಗೆ ಇಳಿಸಿಕೊಂಡು ಬಂದಳು. ತೆಗೆದು ನೋಡಿದರೆ ಸ್ಪ್ಯಾನರುಗಳು, ಚಕ್ರದ ಕಡ್ಡಿ ತಿರುಪುವ ಕೀಲಿ, ಚೈನಿನ ಪಿನ್ನು ತಳ್ಳುವ ಸಾಧನ, ಎಲ್ಲಕ್ಕೂ ಅಪ್ಪ ಎಣ್ಣೆ ಬಟ್ಟೆ ಸುತ್ತಿಟ್ಟಿದ್ದ. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ.

ಎದುರು ಸಾಲಿನ ಸೆಲ್ವರಾಜ್ ಈ ಗದ್ದಲ ನೋಡುತ್ತಿದ್ದ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ಈಗ ಎಪ್ಪತ್ತು ದಾಟಿದೆ. ಒಂದು ಮಧ್ಯಾಹ್ನ ಇಬ್ಬರಿಂದ ಎತ್ತಿಸಿಕೊಂಡು ಒಂದು ಭಾರಿ ವೈಸ್ ತಂದ. ಕಬ್ಬಿಣದ ತುಂಡನ್ನು ಅಲುಗಾಡದಂತೆ ಕಚ್ಚಿ ಹಿಡಿಯುವ ಅದರ ದವಡೆ ಅಂಗೈಯಷ್ಟು ಅಗಲವಿತ್ತು.

"ಮನೇಲಿ ಚುಮ್ಮಾ ಕುಂತಿತ್ತುಮ್ಮಾ. ನಿನ್ನ ಮೇಜಿಗೆ ಹಾಕು."

ಅವನೇ ಅದನ್ನು ಬೋಲ್ಟು ಹಾಕಿ ಕೂರಿಸಿದ. ಹಳೇ ಸೈಕಲ್ಲೊಂದರ ಮುಂದಿನ ಚಕ್ರ ಹಿಡಿದಿರುವ ಕವಲು ಫೋರ್ಕನ್ನು ತಲೆಕೆಳಗಾಗಿ ಅದಕ್ಕೆ ಕಚ್ಚಿಸಿದರೆ, ಚಕ್ರ ಕೂರಿಸಿ ತಿರುಗಿಸುತ್ತಾ ಬೆಂಡು ತೆಗೆಯುವ ಸ್ಟ್ಯಾಂಡಾಯಿತು. ಶಶಿರೇಖ ಚಕ್ರವೊಂದನ್ನು ಹಾಕಿ ತಿರುಗಿಸಿದಳು. ಅದು ಸದ್ದಿಲ್ಲದೆ ಸುತ್ತಿತು. ಅವಳು ಮತ್ತೆ ತಿರುಗಿಸಿದಳು. ಅಡುಗೆಮನೆಯಲ್ಲಿ ಅನ್ನ ಸೀಯುತ್ತಿರುವುದು ಯಾರಿಗೂ ಗೊತ್ತಾಗಲಿಲ್ಲ.

ಉಳಿದದ್ದು ಸೈಕಲ್ ನಿಲ್ಲಿಸುವ ವ್ಯವಸ್ಥೆ. ನೆಲದ ಮೇಲೆ ನಿಲ್ಲಿಸಿದರೆ ಎಂಟಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಗೋಡೆಗೆ ಉದ್ದನೆಯ ಹಲಗೆ ಹೊಡೆದು, ಅದಕ್ಕೆ ಕೊಕ್ಕೆ ಹಾಕಿ, ಮುಂದಿನ ಚಕ್ರ ಮೇಲೆ ಮಾಡಿ ನೇತುಹಾಕಿದರೆ ಇಪ್ಪತ್ತು ಹಿಡಿಯುತ್ತವೆ ಎಂಬುದು ಅವಳ ಲೆಕ್ಕ. ಸೆಲ್ವರಾಜ್ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದ.

"ಮಣ್ಣು ಗೋಡೆ. ವೇಣಾಂ ಮ್ಮಾ, ಬೇಡ. ನೆಲದಿಂದ ಕಬ್ಬಿಣದ ಕಂಬ ಎಬ್ಬಿಸು, ಅದಕ್ಕೆ ಕೊಕ್ಕೆ ಹಾಕು. ಸುರಂಗದೊಳಗೆ ನಾವು ಬಂಡೇನೇ ನಂಬ್ತಿರಲಿಲ್ಲ, ಕಂಬ ಕೊಟ್ಟೇ ಮುಂದಕ್ಕೆ ಓಗ್ತಿದ್ದಿದ್ದು."

"ಮುಂದಿನ ತಿಂಗ್ಳು ಕಂಬ ಹಾಕ್ಸೋಣ ಅಣ್ಣಾ," ಎಂದಳು ಶಶಿರೇಖ. ಅಷ್ಟು ದಿನ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಹಲಗೆಯನ್ನು ಗೋಡೆಗೇ ಮೊಳೆ ಹೊಡೆದು ಕೂರಿಸಿದಳು.

ಸುಮಲತ ರೈಲಿನಲ್ಲಿ ಎಲ್ಲರಿಗೂ ಹೇಳಿದ್ದಳು. ಮೊದಲ ದಿನ ಬಂದದ್ದು ಮೂರು ಸೈಕಲ್. ವಾರ ಕಳೆಯುವಷ್ಟರಲ್ಲಿ ಒಂಬತ್ತಾದವು. ಮುನೇಶ್ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಸಾಲಾಗಿ ಅಂಕಿ ಬರೆದ. ಎರಡನೇ ಸೋಮವಾರ ಹದಿನಾಲ್ಕನೆಯವನಾಗಿ ಚಿಕ್ಕವೆಂಕಟಪ್ಪ ಬಂದ. ಗಾರೆ ಕೆಲಸದವನು, ಮಾತು ಕಡಿಮೆ. ಮೂವತ್ತು ವರ್ಷದ ಹಳೇ ಸೈಕಲ್ಲು, ಆದರೆ ಕಡ್ಡಿ ಕಡ್ಡಿಯೂ ಮಿರಮಿರ ಮಿಂಚುತ್ತಿತ್ತು.

"ಇದಕ್ಕೆ ಏನೂ ಮಾಡ್ಬ್ಯಾಡ," ಎಂದ. "ಸುಮ್ನೆ ಇಟ್ಟಿರು ಅಷ್ಟೇ."

ಆ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶಶಿರೇಖ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕೊಟ್ಟಿಗೆಯಲ್ಲಿ ಮೊದಲು ಕಿರ್ ಎಂದಿತು. ಆಮೇಲೆ ಪಾತ್ರೆ ಅಂಗಡಿಯೇ ಉರುಳಿದಂಥ ಸದ್ದು. ಓಡಿಬಂದು ನೋಡಿದರೆ ಹಲಗೆ ಮೊಳೆ ಸಮೇತ ಗೋಡೆಯಿಂದ ಕಿತ್ತು ಬಂದಿತ್ತು. ಹದಿನಾಲ್ಕೂ ಸೈಕಲ್ ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಮೇಲೆ ಕೆಂಪು ಮಣ್ಣಿನ ಧೂಳು. ಎಲ್ಲೋ ಒಂದು ಚಕ್ರ ಇನ್ನೂ ತಿರುಗುತ್ತಿತ್ತು.

ಮುನಿನಾರಾಯಣಮ್ಮ ಬಾಗಿಲಲ್ಲಿ ನಿಂತಳು. ಸೊಸೆ ಬಯ್ಗುಳಕ್ಕೆ ಕಾದಳು. ಅದು ಬರಲಿಲ್ಲ.

"ರೈಲು ಎಷ್ಟೊತ್ಗೆ?" ಎಂದಳು ಅತ್ತೆ.

"ಏಳು ಗಂಟೆಗೆ."

"ಗಾಳಿ ಬಂತು, ಬಿದ್ದೋಯ್ತು ಅಂತ ಏಳ್ಬೌದು."

"ಗಾಳಿ ಎಲ್ಲಿತ್ತು ಅತ್ತೆ? ನಾನೇ ತಪ್ಪು ಮಾಡಿದ್ದು." ಶಶಿರೇಖ ಗಂಡನಿಗೆ ಫೋನ್ ಮಾಡಿದಳು. "ನೋಡಿ, ಹಲಗೆ ಕಿತ್ಕೊಂಡ್ ಬಂತು. ಎಲ್ಲಾ ಬಿದ್ದವೆ. ಸಾಯಂಕಾಲ ರೈಲಲ್ಲಿ ಅವ್ರಿಗೆಲ್ಲ ನೀವೇ ಏಳ್ಬಿಡಿ. ಬಂದು ನೋಡಿ ಗಾಬ್ರಿ ಆಗೋದು ಬ್ಯಾಡ. ನಾನು ಸರಿ ಮಾಡ್ತಾ ಇದೀನಿ ಅಂತ್ಲೂ ಏಳಿ."

ಅವಳು ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಸದ್ದು ಕೇಳಿ ಸೆಲ್ವರಾಜ್ ಆಗಲೇ ಬಂದಿದ್ದ. ಗೋಡೆಯ ಕಡೆ ಒಮ್ಮೆ ನೋಡಿ ಅಂಗಿಯ ತೋಳು ಮಡಚಿದ. ಸೈಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಐದಕ್ಕೆ ಚಕ್ರ ಬೆಂಡಾಗಿತ್ತು. ಮೂರರ ಹ್ಯಾಂಡಲ್ ತಿರುಗಿತ್ತು. ಎರಡರ ಬ್ರೇಕಿನ ಹಿಡಿ ಮುರಿದಿತ್ತು. ಕಡ್ಡಿಗಳು ಎಷ್ಟು ಮುರಿದಿದ್ದವೋ. ನಾಲ್ಕು ಟೈರಿನಲ್ಲಿ ಗಾಳಿ ಇರಲಿಲ್ಲ. ಎಲ್ಲಕ್ಕಿಂತ ಕೆಳಗೆ ಸಿಕ್ಕಿದ್ದು ಚಿಕ್ಕವೆಂಕಟಪ್ಪನ ಸೈಕಲ್, ಅದರ ಮುಂದಿನ ಫೋರ್ಕು ಒಳಕ್ಕೆ ಮಡಚಿಕೊಂಡಿತ್ತು.

ಶಶಿರೇಖ ತನ್ನ ನೇರಳೆ ಬಣ್ಣದ ಲೇಡೀಸ್ ಸೈಕಲ್ ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದಳು. ಕಡ್ಡಿ, ಬ್ರೇಕಿನ ಹಿಡಿ ಸಿಕ್ಕಿದವು. ಆ ಹಳೇ ಅಳತೆಯ ಫೋರ್ಕು ಮಾತ್ರ ಸಿಗಲಿಲ್ಲ, ಬಂಗಾರಪೇಟೆಯಿಂದ ತರಿಸಬೇಕು ಎಂದರು. ವಾಪಸು ಬರುವಾಗ ಏರಿನಲ್ಲೂ ಇಳಿಯದೆ ತುಳಿದಳು. ಹೆದರಿಕೆ ಇತ್ತು. ಅದರ ಜೊತೆಗೇ ಇನ್ನೊಂದು ಬಗೆಯ ಹುರುಪೂ ಇತ್ತು. ಅಪ್ಪನ ಶಾಪಿನಲ್ಲಿ ಒಂದೇ ದಿನಕ್ಕೆ ಇಷ್ಟು ಕೆಲಸ ಅವಳು ಎಂದೂ ಕಂಡಿರಲಿಲ್ಲ.

ಮನೆಗೆ ಬಂದಾಗ ಕೊಟ್ಟಿಗೆಯಲ್ಲಿ ಕಂಡದ್ದನ್ನು ಅವಳು ಈಗಲೂ ನಗುತ್ತಲೇ ಹೇಳುತ್ತಾಳೆ. ಮುನಿನಾರಾಯಣಮ್ಮ ಕಲ್ಲುಬಾನಿಯ ಪಕ್ಕ ಮಣೆ ಹಾಕಿಕೊಂಡು, ಮೊಣಕೈವರೆಗೆ ಕೈ ಅದ್ದಿ, ಟ್ಯೂಬನ್ನು ಇಂಚಿಂಚಾಗಿ ಹಿಸುಕುತ್ತಾ ಕೂತಿದ್ದಳು.

"ಇಲ್ಲೊಂದು ಗುಳ್ಳೆ ಎದ್ದೈತೆ ನೋಡು," ಎಂದಳು. "ಇಲ್ಲೂ ಒಂದು. ಕೆಚ್ಚಲು ಹಿಂಡಿದ್ ಕೈ ಕಣಮ್ಮ ಇದು, ತಪ್ಪಿಸ್ಕೊಳ್ಳಾಕ್ ಬಿಡಲ್ಲ."

ಮೂವರೂ ಊಟ ಮರೆತರು. ಸೆಲ್ವರಾಜ್ ಹ್ಯಾಂಡಲುಗಳನ್ನು ನೇರ ಮಾಡಿ ಬ್ರೇಕು ಕಟ್ಟಿದ. ಶಶಿರೇಖ ಚಕ್ರಗಳ ಮುಂದೆ ಕೂತಳು. ಮುರಿದ ಕಡ್ಡಿ ತೆಗೆದು ಹೊಸದು ಪೋಣಿಸುವುದು, ತಿರುಗಿಸುವುದು, ಎಲ್ಲಿ ಉಜ್ಜುತ್ತದೆ ನೋಡುವುದು, ಅರ್ಧ ಸುತ್ತು ಬಿಗಿ ಮಾಡಿ ಎದುರಿನದನ್ನು ಅರ್ಧ ಸುತ್ತು ಸಡಿಲಿಸುವುದು. ಮೊದಲ ಚಕ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಐದನೆಯದಕ್ಕೆ ಇಪ್ಪತ್ತು ನಿಮಿಷ ಸಾಕಾಯಿತು. ರೈಲಿನ ಹಾರನ್ ಕೇಳಿಸಿದಾಗ ಅವಳು ಹದಿಮೂರನೆಯ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು.

ಅವರು ಒಬ್ಬೊಬ್ಬರಾಗಿ ಬರಲಿಲ್ಲ, ಗುಂಪಾಗಿ ಬಂದರು. ಮುಂದೆ ಮುನೇಶ್, ಪಕ್ಕದಲ್ಲಿ ಸುಮಲತ. ಯಾರ ಮುಖದಲ್ಲೂ ನಗುವಿರಲಿಲ್ಲ. ಶಶಿರೇಖ ಗೇಟಿನ ಬಳಿ ಗ್ರೀಸ್ ಕೈಯಲ್ಲೇ ನಿಂತಳು.

"ಹತ್ತಿ ಒಂದು ಸುತ್ತು ಒಡ್ಕೊಂಡ್ ಬನ್ನಿ," ಎಂದಳು. "ಸರಿ ಇಲ್ದಿದ್ರೆ ನಂಗೆ ಇಲ್ಲೇ ಏಳಿ."

ಅವರು ಬೀದಿಯಲ್ಲಿ ಸುತ್ತು ಹೊಡೆದರು. ಸುಮಲತ ಮೊದಲು ವಾಪಸು ಬಂದಳು. "ಏನೇ ಇದು, ಬೆಳಿಗ್ಗೆಗಿಂತ ಅಗೂರಾಗೈತೆ," ಎಂದಳು. ಇನ್ನೊಬ್ಬ ಬ್ರೇಕು ಹಿಡಿದು, ಬಿಟ್ಟು, ಮತ್ತೆ ಹಿಡಿದು ನೋಡಿದ. ಎರಡು ವರ್ಷದಿಂದ ಅದು ಹಿಡಿಯುತ್ತಲೇ ಇರಲಿಲ್ಲವಂತೆ.

ಚಿಕ್ಕವೆಂಕಟಪ್ಪ ಮಾತ್ರ ತನ್ನ ಸೈಕಲ್ಲಿನ ಮುಂದೆ ಕೂತು ಫೋರ್ಕನ್ನು ಸವರಿದ. ಶಶಿರೇಖ ಅವನ ಪಕ್ಕ ಬಂದು ಕೂತಳು.

"ಇದೊಂದು ನಂಗಾಗ್ಲಿಲ್ಲಣ್ಣ. ಫೋರ್ಕು ತರಿಸ್ತೀನಿ. ಭಾನುವಾರ ಹಾಕಿ ಕೊಡ್ತೀನಿ. ಅಲ್ಲೀಗಂಟ ನನ್ ಸೈಕಲ್ ತಗೊಂಡೋಗಿ."

ಅವನು ಎದ್ದು ಕೊಟ್ಟಿಗೆಯೊಳಗೆ ಹೋದ. ಹಲಗೆ ಕಿತ್ತ ಜಾಗದಲ್ಲಿ ಬೆರಳಿಟ್ಟ. ಮಣ್ಣು ಪುಡಿಪುಡಿಯಾಗಿ ಉದುರಿತು.

"ಈ ಗೋಡೆಗೆ ಮೊಳೆ ಒಡೆದೋರು ಯಾರು?"

"ನಾನೇ."

"ನನ್ ಕೇಳ್ಬಾರ್ದಿತ್ತಾ? ನಂದು ಗಾರೆ ಕೆಲ್ಸ ಅಲ್ವಾ?" ಅವನ ದನಿಯಲ್ಲಿ ಸಿಟ್ಟಿತ್ತು, ಸೈಕಲ್ಲಿಗಿಂತ ಹೆಚ್ಚಾಗಿ ಗೋಡೆಯ ಮೇಲೆ. "ಭಾನುವಾರ ಬತ್ತೀನಿ. ಕಂಬಕ್ಕೆ ಗುಂಡಿ ತೋಡ್ಸಿರು. ಫೋರ್ಕು ಹಾಕುವಾಗ ನಾನು ಪಕ್ಕದಲ್ಲೇ ಕುಂತಿರ್ತೀನಿ."

ಆಮೇಲೆ ಅವನು ನೇರಳೆ ಬಣ್ಣದ ಲೇಡೀಸ್ ಸೈಕಲ್ ಹತ್ತಿದ. ಮುಂದೆ ಬುಟ್ಟಿ, ಬುಟ್ಟಿಯಲ್ಲಿ ಅವನ ಕರಣೆ ಮತ್ತು ಊಟದ ಡಬ್ಬಿ. ಮೊದಲು ನಕ್ಕಿದ್ದು ಮುನಿನಾರಾಯಣಮ್ಮ. ಆಮೇಲೆ ಬೀದಿಯೆಲ್ಲ ನಕ್ಕಿತು. ತಿರುವಿನಲ್ಲಿ ಅವನು ಒಮ್ಮೆ ಗಂಟೆ ಬಾರಿಸಿದ.

ಭಾನುವಾರ ಅವನು ಹೇಳಿದಂತೆ ಬಂದ. ಅವನೂ ಸೆಲ್ವರಾಜನೂ ಎರಡಡಿ ಗುಂಡಿಗಳಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಕಾಂಕ್ರೀಟು ತುಂಬಿದರು. ಒಬ್ಬ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿ ಸರಿ ಎಂದರೆ ಇನ್ನೊಬ್ಬ ಕೂದಲೆಳೆಯಷ್ಟು ವಾಲಿದೆ ಎನ್ನುತ್ತಿದ್ದ. ಅದೇ ಸಂಜೆ ಅವನ ಕಣ್ಣೆದುರೇ ಶಶಿರೇಖ ಹೊಸ ಫೋರ್ಕು ಕೂರಿಸಿದಳು. ಚಿಕ್ಕವೆಂಕಟಪ್ಪ ತನ್ನ ಸೈಕಲ್ಲನ್ನೇ ಹತ್ತಿ ಊರಿಗೆ ಹೋದ.

ಈಗ ಅಲ್ಲಿ ದಿನಕ್ಕೆ ಇಪ್ಪತ್ತೆಂಟು ಸೈಕಲ್ ನಿಲ್ಲುತ್ತವೆ, ಕಂಬಗಳಲ್ಲಿ ಇಪ್ಪತ್ತು, ಅಂಗಳದಲ್ಲಿ ಎಂಟು. ಪಂಕ್ಚರ್ ವಿಭಾಗ ಪೂರ್ತಿ ಅತ್ತೆಯದು. ಟ್ಯೂಬು ಅವಳ ಕೈಗೆ ಕೊಡದೆ ಸೊಸೆಯ ಕೈಗೆ ಕೊಟ್ಟವರಿಗೆ ಒಂದು ಮಾತು ಕೇಳಿಸದೆ ಬಿಡುವುದಿಲ್ಲ. ಕರುವಿನ ಸುದ್ದಿ ಅವಳು ಎತ್ತಿಲ್ಲ.

ಕಳೆದ ವಾರ ಒಬ್ಬರು ಗೇರ್ ಸೈಕಲ್ ತಂದರು. ಗೇರ್ ಬೀಳುತ್ತಿಲ್ಲ, ಎರಡು ದಿನ ಬೇಕಾದರೂ ಇಟ್ಟುಕೊಳ್ಳಿ ಎಂದರು. ಅಂಥದ್ದನ್ನು ಶಶಿರೇಖ ಎಂದೂ ಬಿಚ್ಚಿದವಳಲ್ಲ. ಅವರು ಅತ್ತ ಹೋಗುತ್ತಲೇ ಅವಳು ಹಿಂದಿನ ಚಕ್ರ ಬಿಚ್ಚಿ, ಒಂದರ ಮೇಲೊಂದು ಕೂತಿದ್ದ ಏಳು ಹಲ್ಲುಚಕ್ರಗಳನ್ನು ಹಳೇ ಸೀರೆಯ ತುಂಡಿನ ಮೇಲೆ ಕ್ರಮವಾಗಿ ಜೋಡಿಸಿದಳು. ಮುನಿನಾರಾಯಣಮ್ಮ ಒದ್ದೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಸೆಲ್ವರಾಜ್ ಕನ್ನಡಕ ಹಾಕಿಕೊಂಡು ಸ್ಟೂಲು ಎಳೆದ.

"ತಿರುಗಿ ಜೋಡಿಸಾಕೆ ಬತ್ತದಾ?" ಎಂದು ಕೇಳಿದಳು ಅತ್ತೆ.

"ಬಿಚ್ಚಾಕೆ ಬಂತಲ್ಲ," ಎಂದಳು ಶಶಿರೇಖ. ಅವಳ ಕಣ್ಣು ಆಗಲೇ ಬಿಚ್ಚದೆ ಉಳಿದಿದ್ದ ಸಣ್ಣ ಸ್ಪ್ರಿಂಗೊಂದರ ಮೇಲಿತ್ತು.