ಮೇಣದ ಕೋಣೆಯ ತೊರ್ಮೋದ್

ತಪ್ಪು ತನ್ನ ಕಡೆಯದು ಎಂದು ತೊರ್ಮೋದ್ ಒಪ್ಪಿಕೊಂಡದ್ದನ್ನು ನಮ್ಮ ಸ್ಕಾರ್ವೋಯ ದ್ವೀಪದಲ್ಲಿ ಯಾರೂ ಕಂಡವರಿಲ್ಲ. ಏಪ್ರಿಲ್‌ನ ಒಂದು ಸೋಮವಾರ ಶಾಲೆಯ ಕಂಪ್ಯೂಟರುಗಳೆಲ್ಲ ಒಟ್ಟಿಗೇ ಮಲಗಿಬಿಟ್ಟಾಗ ಅವನು ಮೊದಲು ಬೈದದ್ದು ಇಲಿಗಳನ್ನು, ಆಮೇಲೆ ಶಿಕ್ಷಕರ ಕೋಣೆಯ ಹೊಸ ಕಾಫಿ ಯಂತ್ರವನ್ನು, ಕೊನೆಗೆ ನನ್ನ ಗರಗಸವನ್ನು. ನಾನು ಆ ಶಾಲೆಯಲ್ಲಿ ಮರಗೆಲಸ ಕಲಿಸುವವನು. ನನ್ನ ಕರೆಂಟಿನ ಗರಗಸ ತಿರುಗಿದರೆ ಅವನ ತಂತಿಗಳಿಗೆ ಗಾಬರಿಯಾಗುತ್ತದಂತೆ! ಗರಗಸ ಮುಟ್ಟಬಾರದೆಂದು ಚೀಟಿ ಅಂಟಿಸಿ ಹೋದ. ಮಕ್ಕಳ ಕೈಗೆ ಉಪ್ಪುಕಾಗದ ಕೊಟ್ಟು ಕೂರಿಸಿದೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅವನು ಮೊದಲು ಕರಾವಳಿ ರೇಡಿಯೊ ಕೇಂದ್ರದಲ್ಲಿ ಟೆಲಿಗ್ರಾಫ್ ನೌಕರ. ಹಡಗುಗಳು ಉಪಗ್ರಹದ ಮೂಲಕ ಮಾತಾಡಲು ಕಲಿತ ಮೇಲೆ ಕೇಂದ್ರ ಮುಚ್ಚಿತು, ಇವನು ಖಾಲಿ ಕೂತ. ಅದೇ ಹೊತ್ತಿಗೆ ಯಾವುದೋ ಕಚೇರಿ ಬೇಡವೆಂದ ಈ ಕಂಪ್ಯೂಟರುಗಳು, ಹಳೆಯ ಟರ್ಮಿನಲ್‌ಗಳು, ಶಾಲೆಗೆ ಬಂದವು, ಅವನ್ನು ನೋಡಿಕೊಳ್ಳುವ ಕೆಲಸ ಇವನ ಪಾಲಿಗೆ ಬಂತು. ಆ ಪೆಟ್ಟಿಗೆಗಳಿಗೆ ಸ್ವಂತ ಬುದ್ಧಿ ಇಲ್ಲ. ಬೆಳಿಗ್ಗೆ ಗುಂಡಿ ಒತ್ತಿದರೆ ಎದ್ದು, 'ನಾನ್ಯಾರು, ನನ್ನ ವಿಳಾಸವೇನು' ಎಂದು ತಂತಿಯುದ್ದಕ್ಕೂ ಕೂಗುತ್ತವೆ. ಸರ್ವರ್ ಎಂಬ ಮುಖ್ಯ ಕಂಪ್ಯೂಟರು ಅದನ್ನು ಕೇಳಿಸಿಕೊಂಡು ವಿಳಾಸ ಹೇಳಬೇಕು, ಬುದ್ಧಿಯನ್ನೂ ಕಳಿಸಬೇಕು. ಉತ್ತರ ಬರದಿದ್ದರೆ ಕಪ್ಪು ಪರದೆಯ ಮೇಲೆ ಚುಕ್ಕಿ ಹಾಕುತ್ತಾ ಕೂರುತ್ತವೆ.

ಸರ್ವರ್ ಇದ್ದದ್ದು ಹಿಂದೆ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಮೇಣ ಬಳಿಯುತ್ತಿದ್ದ ಪುಟ್ಟ ಕೋಣೆಯಲ್ಲಿ. ಅದರ ಬೀಗದ ಕೈ ತೊರ್ಮೋದನ ಬಳಿ ಮಾತ್ರ. ನಿಜ ಹೇಳಬೇಕೆಂದರೆ ಅವನ ಜೀವ ಇದ್ದದ್ದೇ ಆ ಬೀಗದ ಕೈಯಲ್ಲಿ. ಮನೆಯಲ್ಲಿ ಅಕ್ಕ ಗುದ್ರುನ್ ಇದ್ದಳು. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು. ಡಾಕ್ಟರು ಕೊಬ್ಬು ಬೇಡ ಎಂದದ್ದೇ ತಡ, ತಮ್ಮನ ತಟ್ಟೆಯ ಮೇಲೆ ಕಾವಲು ಕೂತಳು. ಇವನು ಮೇಣದ ಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿ, ಬೂಟು ಕಳಚಿ ಬೆಚ್ಚಗಿನ ಸರ್ವರ್ ಮೇಲೆ ಕಾಲು ಚಾಚಿ, ಮೀನುಗಾರರ ಹವಾಮಾನ ವರದಿ ಕೇಳುತ್ತಾ ಕಂದು ಚೀಸನ್ನು ಹೆಂಚಿನಷ್ಟು ದಪ್ಪಕ್ಕೆ ಕೊಯ್ದು ತಿನ್ನುತ್ತಿದ್ದ. ಕೇಳಿದರೆ 'ಸರ್ವರ್ ನೋಡ್ಕೋತಿದ್ದೀನಿ' ಎನ್ನುತ್ತಿದ್ದ.

"ಗುರುವಾರ ಪೋಷಕರ ಸಭೆ," ಎಂದಳು ಮಂಗಳವಾರ ಆ ಕೋಣೆಯ ಬಾಗಿಲಿಗೆ ಬಂದ ಮುಖ್ಯೋಪಾಧ್ಯಾಯಿನಿ ಸಿನ್ನೋವೆ. "ಇವು ಸರಿಯಾಗದಿದ್ರೆ ಪ್ರೆಬೆನ್ ತೋರಿಸಿದ ಲ್ಯಾಪ್‌ಟಾಪೇ ಗತಿ. ಆಮೇಲೆ ಈ ಕೋಣೆ ನಂಗೆ ಬೇಕು, ಸ್ಕೀಗಳೆಲ್ಲ ಪಡಸಾಲೇಲಿ ಬಿದ್ದಿವೆ."

"ಮತ್ತೆ ಬೀಗದ ಕೈ?" ಎಂದ ತೊರ್ಮೋದ್.

"ಅದೂ ವಾಪಸ್ಸೇ."

ಪ್ರೆಬೆನ್ ಎಂದರೆ ಆಚೆ ದಡದಿಂದ ದೋಣಿಯಲ್ಲಿ ಬಂದಿದ್ದ ವ್ಯಾಪಾರಿ. ಚೂಪು ಬೂಟಿನವನು. ತೊರ್ಮೋದನ ಮುಖ ಹರಳೆಣ್ಣೆ ಕುಡಿದವನಂತಾಯಿತು.

ಬುಧವಾರ ಅವನು ನನ್ನ ಕೋಣೆಗೆ ಬಂದ. "ಒಂದು ಟರ್ಮಿನಲ್ ನಾನು ಹೊರ್ತೀನಿ, ಪರದೆ ನೀನು ತಾ."

"ಕೇಳೋ ಧಾಟಿ ನೋಡು! ನನ್ನ ಗರಗಸನ ಜೈಲಿಗೆ ಹಾಕಿ, ಈಗ ನಾನು ನಿಂಗೆ ಕೂಲಿನಾ?"

"ಅದರ ಜಾಮೀನಿಗೇ ಕಣಯ್ಯಾ ಕರೀತಿರೋದು, ಬಾ."

ಮೇಣದ ಕೋಣೆಯಲ್ಲಿ ಆ ಟರ್ಮಿನಲ್ಲನ್ನು ಒಂದೇ ಕೇಬಲ್ಲಿನಿಂದ ನೇರವಾಗಿ ಸರ್ವರಿಗೆ ಸಿಕ್ಕಿಸಿದ. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಎದ್ದು ಕೂತಿತು.

"ನೋಡ್ದಾ! ಸರ್ವರ್ ಗಟ್ಟಿಮುಟ್ಟಾಗಿದೆ. ರೋಗ ಇರೋದು ತಂತೀಲಿ."

ಎಲ್ಲ ಕೋಣೆಗಳ ಕೇಬಲ್ಲುಗಳೂ ಬಂದು ಸೇರುವ ಸ್ವಿಚ್ಚು ಗೋಡೆಯ ಮೇಲಿತ್ತು. ಅದರ ಹಸಿರು ದೀಪಗಳೆಲ್ಲ ದೆವ್ವ ಮೆಟ್ಟಿದಂತೆ ಮಿಣಮಿಣ ಎನ್ನುತ್ತಿದ್ದವು. ಅವನು ಹಣೆ ಚಚ್ಚಿಕೊಂಡ.

"ಯಾರೂ ಮಾತಾಡ್ತಾನೇ ಇಲ್ಲ ಕಣೋ! ಒಂದೇ ಕೂಗು ಸುತ್ತು ಹೊಡೀತಿದೆ. ಹೋಗಿದ್ದು ವಾಪಸ್ ಬರುತ್ತೆ, ಬಂದಿದ್ದು ಮತ್ತೆ ಹೋಗುತ್ತೆ. ಈ ಸಂತೇಲಿ 'ನಾನ್ಯಾರು' ಅನ್ನೋ ಪಾಪದವರ ದನಿ ಯಾರ ಕಿವಿಗೆ ಬಿದ್ದೀತು?"

ಒಂದೊಂದೇ ಕೇಬಲ್ ಕಿತ್ತು ನೋಡಿದ. ಹೊಲಿಗೆ ಕೋಣೆಯದನ್ನು ಕಿತ್ತದ್ದೇ ದೀಪಗಳು ತಣ್ಣಗಾದವು. ಇಬ್ಬರೂ ಓಡಿದೆವು. ಅಲ್ಲಿ ಗೋಡೆಯಲ್ಲಿ ಅಕ್ಕಪಕ್ಕ ಎರಡು ತೂತು, ಎರಡಕ್ಕೂ ಒಂದೇ ಕೇಬಲ್ಲಿನ ಎರಡು ತುದಿ ಸಿಕ್ಕಿಸಿತ್ತು. ಒಂದರಿಂದ ಬಂದ ಕೂಗು ಇನ್ನೊಂದರಿಂದ ವಾಪಸ್! ನಡುವಿನ ಉದ್ದವನ್ನು ಅಚ್ಚುಕಟ್ಟಾಗಿ ಸುತ್ತಿ, ಕೆಂಪು ಉಣ್ಣೆಯ ದಾರದಿಂದ ಚಿಟ್ಟೆಗಂಟು ಹಾಕಿತ್ತು.

"ಅಕ್ಕ! ಅವಳ ಕಾಲುಚೀಲದ ಉಣ್ಣೆ ಇದು!" ಎಂದ ತೊರ್ಮೋದ್, ನೆಲದ ಮೇಲೆ ಕೂತು.

ಹಿಂದಿನ ಶನಿವಾರ ವಸಂತದ ದುಗ್ನಾದ್ ನಡೆದಿತ್ತು. ಊರಿಗೆ ಊರೇ ಪೊರಕೆ, ಬಕೆಟ್ಟು ಹಿಡಿದು ಶಾಲೆಗೆ ಬಂದು ಬಿಟ್ಟಿ ದುಡಿಯುವ ದಿನ ಅದು. ಬಾರದವರನ್ನು ಮುಂದಿನ ವಸಂತದವರೆಗೆ ಆಡಿಕೊಳ್ಳುತ್ತೇವೆ. ಅದರ ಮುಂದಾಳು ಗುದ್ರುನಕ್ಕ. ಜೋತಾಡುವ ದಾರವನ್ನೋ ಓರೆಯಾದ ಕಿಟಕಿ ಪರದೆಯನ್ನೋ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಕೇಬಲ್ಲಿನ ಒಂದು ತುದಿ ನೆಲದ ಮೇಲೆ ಬಿದ್ದಿದೆ, ಪಕ್ಕದಲ್ಲೇ ಖಾಲಿ ತೂತಿದೆ. ಇನ್ನೇನು ಬೇಕು?

ತೊರ್ಮೋದ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಿಕ್ಕಿಬಿದ್ಲು! ಭಾನುವಾರ ವಾಫಲ್ ಬೇಕು, ಮೇಲೆ ಜಾಮು, ಅದರ ಮೇಲೆ ಕೆನೆ. ಕೊಡದಿದ್ರೆ ಊರಿಗೆಲ್ಲ ಡಂಗುರ!"

ಗುರುವಾರದ ಸಭೆಗೆ ಇಡೀ ದ್ವೀಪ ಬಂದಿತ್ತು. ಗುದ್ರುನಕ್ಕ ಮುಂದಿನ ಸಾಲಿನಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಟರ್ಮಿನಲ್‌ಗಳೆಲ್ಲ ಎದ್ದಿದ್ದವು. ಪ್ರೆಬೆನ್ ಸುಮ್ಮನಿರಬೇಕಲ್ಲ!

"ಎದ್ದವು, ಸಂತೋಷ. ಆದ್ರೆ ಮಲಗಿದ್ದು ಯಾಕೆ? ಕಾರಣ ಗೊತ್ತಿಲ್ಲ ಅಂದ್ರೆ ಪರೀಕ್ಷೆ ದಿನವೇ ಮತ್ತೆ ಮಲಗ್ತವೆ. ಆಗ ಮಕ್ಕಳ ಗತಿ?"

ಜನ ತಲೆಯಾಡಿಸಿದರು. "ಹೇಳು ತೊರ್ಮೋದ್," ಎಂದಳು ಸಿನ್ನೋವೆ. "ಕಾರಣ ಹೇಳಿದ್ರೆ ಇವನ್ನೇ ಇಟ್ಕೊಳ್ಳೋಣ."

ತೊರ್ಮೋದ್ ಎದ್ದ. ಒಂದು ಮಾತು ಸಾಕಿತ್ತು, ಕೋಣೆ ಅವನದಾಗುತ್ತಿತ್ತು. ಬಾಯಿ ತೆರೆದವನ ಕಣ್ಣು ಅಕ್ಕನ ನೆರೆತ ತುರುಬಿನ ಮೇಲೆ ಬಿತ್ತು. ಇಷ್ಟು ಜನರ ಮುಂದೆ, ದುಗ್ನಾದಿನ ಮುಂದಾಳು! ನಿನ್ನೆಯ ಡಂಗುರವನ್ನು ಅಲ್ಲೇ ಬಿಟ್ಟ.

"ಅದು... ಸೂರ್ಯನಿಂದ," ಎಂದ. "ಸೂರ್ಯನ ಮೇಲೆ ಕಲೆ ಎದ್ದಾಗ ತಂತಿಗಳಿಗೆ ಒಂಥರಾ..."

"ಹೊಲಿಗೆ ಕೋಣೇಲಿ ಏನೋ ಕೇಬಲ್ ಕಿತ್ತೆಯಲ್ಲ?" ಎಂದಳು ಸಿನ್ನೋವೆ.

"ಅದೇನೂ ಇಲ್ಲ. ಸೂರ್ಯನೇ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ನಾನು ತಡೆಯಲಾರದೆ ಏಳಹೊರಟರೆ ಪಕ್ಕದಲ್ಲೇ ನಿಂತಿದ್ದ ಪಾಪಿ ನನ್ನ ಕಾಲನ್ನು ಬೂಟಿನಿಂದ ಮೆಟ್ಟಿದ. ಸಿನ್ನೋವೆ ಕೈ ಚಾಚಿದಳು. ತೊರ್ಮೋದ್ ಜೇಬಿನಿಂದ ಬೀಗದ ಕೈ ತೆಗೆದ. ಅದನ್ನು ಕೋಟಿನ ತೋಳಿಗೆ ಒಮ್ಮೆ ಉಜ್ಜಿದ. ಗರಗಸದ ಸಿಟ್ಟೆಲ್ಲ ನನಗೆ ಮರೆತೇಹೋಯಿತು.

ಹೊಲಿಗೆ ಕೋಣೆಯ ಮಾತು ಬಂದಾಗಲೇ ಗುದ್ರುನಕ್ಕನ ಹೆಣಿಗೆ ನಿಂತಿತ್ತು. ಅವಳು ಎದ್ದಳು.

"ಆ ಕೇಬಲ್ ಸಿಕ್ಕಿಸಿದ್ದು ನಾನು. ಕಾಲಿಗೆ ತೊಡರೋ ಹಾಗೆ ಬಿದ್ದಿತ್ತು, ಪಕ್ಕದಲ್ಲಿ ತೂತಿತ್ತು, ಸಿಕ್ಕಿಸ್ದೆ. ಅಷ್ಟಕ್ಕೇ ಶಾಲೆಗೆ ಶಾಲೆ ಮಲಗುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ? ಕಾರಣ ಸಿಕ್ತಲ್ಲ ಪ್ರೆಬೆನ್, ಕೂತ್ಕೊ ಇನ್ನು."

ಪ್ರೆಬೆನ್ ಕೂತ.

"ಸಿನ್ನೋವೆ, ಆ ಬೀಗದ ಕೈ ಮುಟ್ಟಿದ್ರೆ ಜೋಕೆ! ಇವನು ದಿನವಿಡೀ ಮನೇಲಿದ್ರೆ ನನ್ನ ಗತಿಯೇನು? ರೇಡಿಯೊ ಹಾಕಿದ್ರೆ ಆರಿಸ್ತಾನೆ. ಪಾತ್ರೆ ಒಲೆ ಮೇಲಿಟ್ರೆ ಮುಚ್ಚಳ ತೆಗೆದು ಮೂಸ್ತಾನೆ. ಕುರ್ಚಿ ಯಾಕೆ ಸರಿಸ್ದೆ ಅಂತಾನೆ. ಆ ಕೋಣೇಲಿ ಕೂತು ಕದ್ದು ಚೀಸ್ ತಿಂತಾನೆ ಅಂತ ನಂಗೆ ಮೊದಲಿಂದ್ಲೂ ಗೊತ್ತು. ತಿನ್ಲಿ! ಬಾಯಿ ಮುಚ್ಕೊಂಡಿದ್ದೀನಲ್ಲ, ಯಾಕೆ? ಇವನು ಅಲ್ಲಿರೋ ಹೊತ್ತಷ್ಟೇ ಆ ಮನೆ ನಂದು."

ಸಭೆ ಬಿದ್ದು ಬಿದ್ದು ನಕ್ಕಿತು. ಹಳೆಯವೇ ಇರಲಿ ಎನ್ನುವವರು ಕೈ ಎತ್ತಿ ಎಂದು ಸಿನ್ನೋವೆ ಹೇಳುವ ಮೊದಲೇ ಎಲ್ಲರ ಕೈ ಮೇಲಿತ್ತು. ಗೆದ್ದ ತೊರ್ಮೋದ್ ಮಾತ್ರ ಸೋತವನಂತೆ ನಿಂತಿದ್ದ.

ಮನೆಗೆ ಹೋಗುವ ದಾರಿಯಲ್ಲಿ ನಾನು ಅವರ ಹಿಂದೆಯೇ ಇದ್ದೆ.

"ಅಷ್ಟೊಂದು ಕಾಟ ಕೊಡ್ತೀನಾ ಅಕ್ಕ?"

"ಹೂಂ."

"ನಾನು ನಿನ್ನ ಹೆಸರು ಹೇಳ್ಲಿಲ್ಲ."

"ಗೊತ್ತು ಕಣೋ. ಪಾಪ, ಸೂರ್ಯನ ತಲೆಗೆ ಕಟ್ಟಿದೆ." ಅವಳು ನಿಂತು ಅವನ ಕೋಟಿನ ಕಾಲರು ಸರಿಮಾಡಿದಳು. "ನಂಗೋಸ್ಕರ ಅಷ್ಟು ದೊಡ್ಡ ಸುಳ್ಳು ಯಾರೂ ಹೇಳಿರ್ಲಿಲ್ಲ. ನನ್ನ ಗಂಡನೂ."

ತೊರ್ಮೋದ್ ಮೂಗು ಒರೆಸಿಕೊಂಡ.

"ನಾಳೆ ಎಷ್ಟು ಹೊತ್ತಿಗೆ ಹೋಗ್ತೀಯ?" ಎಂದಳು ಅಕ್ಕ.

"ಎಂಟಕ್ಕೆ."

"ಏಳಕ್ಕೇ ಹೋಗು."